ಕಾಡು ಕ್ರೋಕಸ್‌ಗಳಲ್ಲಿ ಕ್ರೋಮೋಸೋಮ್ 6ರಿಂದ 70ರವರೆಗೆ ಇದೆಯಂತೆ, ಕೇಸರಿ ಜೊತೆ ಕ್ರಾಸ್ ಮಾಡಬಹುದಾ?

ತುಂಗಾ ದಂಡೆ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ನಮ್ಮದು ಅಡಿಕೆ ತೋಟ. ಮನೆಯ ಒಂದು ಕೋಣೆಗೆ ಎಸಿ ಹಾಕಿಸಿ, ಟ್ರೇಗಳಲ್ಲಿ ಕೇಸರಿ ಗೆಡ್ಡೆ ಇಟ್ಟು ಬೆಳೆಸುತ್ತಿದ್ದೇನೆ. ಹೂವೇನೋ ಚೆನ್ನಾಗಿಯೇ ಬರುತ್ತಿದೆ. ಆದರೆ ಒಂದು ಹೂವಿನ ಪರಾಗ ತೆಗೆದು ಇನ್ನೊಂದಕ್ಕೆ ಬ್ರಷ್‌ನಲ್ಲಿ ಸವರಿ ನೋಡಿದರೂ ಒಂದೂ ಬೀಜ ಕಟ್ಟಲಿಲ್ಲ. ಕೇಸರಿ ಬೀಜ ಕಟ್ಟುವುದಿಲ್ಲ, ಅದು ಟ್ರಿಪ್ಲಾಯ್ಡ್ (ಮೂರು ಸೆಟ್ ಕ್ರೋಮೋಸೋಮಿನ ಗಿಡ), 24 ಕ್ರೋಮೋಸೋಮ್ ಇದೆ ಅಂತ ಆಮೇಲೆ ಓದಿದೆ. ಅಲ್ಲಿಗೆ ಅರ್ಥವಾಯಿತು.

ಆದರೆ ಓದುತ್ತಾ ಹೋದಂತೆ ತಲೆ ಕೆಟ್ಟಿದ್ದು ಬೇರೆ ವಿಷಯಕ್ಕೆ. ಕೇಸರಿಯ ಕುಲವಾದ ಕ್ರೋಕಸ್‌ನಲ್ಲೇ ಇರುವ ಕಾಡು ಜಾತಿಗಳಲ್ಲಿ ಒಂದಕ್ಕೆ 6 ಕ್ರೋಮೋಸೋಮ್, ಇನ್ನೊಂದಕ್ಕೆ 70 ಅಂತೆ. ಮಧ್ಯದಲ್ಲಿ 8, 10, 12, 14, 16, 20 ಎಲ್ಲಾ ಇವೆ. ಹೋಗಲಿ, ಜಾತಿ ಬೇರೆ ಬೇರೆ ಅಂದುಕೊಳ್ಳೋಣ. ಒಂದೇ ಜಾತಿ ಅಂತ ಹೆಸರಿಟ್ಟ ಗಿಡಗಳಲ್ಲೇ ಒಂದು ಗುಡ್ಡದಲ್ಲಿ ಒಂದು ಸಂಖ್ಯೆ, ಪಕ್ಕದ ಗುಡ್ಡದಲ್ಲಿ ಇನ್ನೊಂದು ಸಂಖ್ಯೆ ಸಿಕ್ಕಿದೆಯಂತೆ. ಮನುಷ್ಯನಿಗೆ 46, ಅದಕ್ಕೆ ಒಂದು ಹೆಚ್ಚಾದರೂ ಕಡಿಮೆಯಾದರೂ ತೊಂದರೆ ಅಂತಲೇ ನಾವು ಶಾಲೆಯಲ್ಲಿ ಓದಿದ್ದು. ಹಾಗಿರುವಾಗ ಈ ಹೂಗಳು ಹೇಗೆ ಸುಮ್ನೆ ಬದುಕಿಕೊಂಡಿವೆ? ಎಣಿಕೆ ಬೇರೆಯಾದರೆ ಅದೇ ಜಾತಿ ಅಂತ ಯಾವ ಆಧಾರದ ಮೇಲೆ ಹೇಳುತ್ತಾರೆ?

ಇನ್ನೊಂದು ಪ್ರಶ್ನೆ. ಇಷ್ಟು ವೈವಿಧ್ಯ ಇರುವಾಗ, ಮಳೆ ತಡೆಯುವ ಒಂದು ಕಾಡು ಕ್ರೋಕಸ್ ಹುಡುಕಿ ಕೇಸರಿ ಜೊತೆ ಕ್ರಾಸ್ ಮಾಡಿದರೆ ನಮ್ಮ ಮಲೆನಾಡಿನಲ್ಲಿ ಹೊರಗಡೆಯೇ ಬೆಳೆಯಬಹುದಲ್ವಾ? ಎಸಿ ಕರೆಂಟ್ ಬಿಲ್ ನೋಡಿದರೆ ಎದೆ ಝಲ್ ಅನ್ನುತ್ತದೆ. ಗೊತ್ತಿದ್ದವರು ಬಿಡಿಸಿ ಹೇಳಿ.

ಬೇರುತುದಿ (ಶಂಕರಘಟ್ಟ)

ಒಳ್ಳೆಯ ಪ್ರಶ್ನೆ. ಎಂಎಸ್ಸಿಯಲ್ಲಿ ನನ್ನ ಕೆಲಸ ಬೇರುತುದಿಯ ಕ್ರೋಮೋಸೋಮ್ ಎಣಿಸುವುದೇ ಆಗಿತ್ತು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಸಂಖ್ಯೆ ಅಂದರೆ ಏನು ಅನ್ನುವುದು. ಒಂದು ಕಣದ ಭತ್ತವನ್ನು 8 ದೊಡ್ಡ ಚೀಲಕ್ಕೂ ತುಂಬಬಹುದು, 16 ಸಣ್ಣ ಚೀಲಕ್ಕೂ ತುಂಬಬಹುದು, ಭತ್ತ ಅಷ್ಟೇ ಇರುತ್ತದೆ. ಕ್ರೋಮೋಸೋಮ್ ಸಂಖ್ಯೆ ಅಂದರೆ ಚೀಲದ ಎಣಿಕೆ. ಇದಕ್ಕೆ ಅತ್ಯುತ್ತಮ ಉದಾಹರಣೆ ನಮ್ಮ ಕಾಡಿನಲ್ಲಿ ಓಡಾಡುವ ಪ್ರಾಣಿಯದೇ. ಸಂಜೆ ಹೊತ್ತು ನಾಯಿಯ ಹಾಗೆ ಬೊಗಳುವ ಕಾಡುಕುರಿ ಗೊತ್ತಲ್ಲ, ಇಂಗ್ಲಿಷಿನವರು ಮುಂಟ್‌ಜಾಕ್ ಅನ್ನುತ್ತಾರೆ. ಭಾರತದ ಮುಂಟ್‌ಜಾಕ್‌ನ ಹೆಣ್ಣಿಗೆ 6 ಕ್ರೋಮೋಸೋಮ್, ಗಂಡಿಗೆ 7. ಅದನ್ನು 1970ರಲ್ಲಿ ವರದಿ ಮಾಡಿದಾಗ ಜನ ದಂಗಾಗಿದ್ದರು, ಯಾಕೆಂದರೆ ಅದರ ಹತ್ತಿರದ ಸಂಬಂಧಿ, ಚೀನಾದ ಮುಂಟ್‌ಜಾಕ್‌ಗೆ 46 ಇದೆ. ನೋಡಲು ಎರಡೂ ಒಂದೇ ಥರ. ಒಳಗಿನ ಡಿಎನ್ಎ ಮೊತ್ತದಲ್ಲೂ ಭಾರೀ ವ್ಯತ್ಯಾಸವಿಲ್ಲ. ನಮ್ಮದರಲ್ಲಿ ಹಳೆಯ ಸಣ್ಣ ಕ್ರೋಮೋಸೋಮ್‌ಗಳು ಒಂದಕ್ಕೊಂದು ಅಂಟಿಕೊಂಡು ಉದ್ದುದ್ದದ ಕೆಲವೇ ಕ್ರೋಮೋಸೋಮ್ ಆಗಿವೆ, ಅಷ್ಟೇ.

ಕ್ರೋಕಸ್‌ನಲ್ಲಿ ಎರಡು ಬೇರೆ ಬೇರೆ ಸಂಗತಿ ನಡೆದಿವೆ. ಇವೆರಡನ್ನು ಬೆರೆಸಿಕೊಂಡರೆ ಏನೂ ಅರ್ಥವಾಗುವುದಿಲ್ಲ.

ಒಂದು, ಇಡೀ ಸೆಟ್‌ಗಳೇ ಹೆಚ್ಚಾಗುವುದು. ಸೆಟ್ ಅಂದರೆ ಪ್ರತಿ ಬಗೆಯ ಕ್ರೋಮೋಸೋಮ್ ಒಂದೊಂದು ಇರುವ ಗುಂಪು. ಕೇಸರಿ ಇದಕ್ಕೆ ಉದಾಹರಣೆ. ಅದರ ಒಂದು ಸೆಟ್‌ನಲ್ಲಿ 8. ಅಂಥ ಮೂರು ಸೆಟ್ ಸೇರಿ 24. ಅದರ ಮೂಲ ಗಿಡ ಗ್ರೀಸ್‌ನ ಕ್ರೋಕಸ್ ಕಾರ್ಟ್‌ರೈಟಿಯಾನಸ್, ಅದಕ್ಕೆ ಎರಡು ಸೆಟ್, ಅಂದರೆ 16. ಪರಾಗ ಅಥವಾ ಅಂಡದಲ್ಲಿ ಒಂದು ಸೆಟ್ ಮಾತ್ರ ಹೋಗಬೇಕಾಗಿತ್ತು, ಒಂದು ಕಡೆಯಿಂದ ತಪ್ಪಿ ಎರಡೂ ಸೆಟ್ ಹೋಯಿತು. 16ಕ್ಕೆ 8 ಸೇರಿ 24 ಆಯಿತು. 2019ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಡಿಎನ್ಎ ಹೋಲಿಸಿ ನೋಡಿ, ಕೇಸರಿಯ ಮೂರೂ ಸೆಟ್ ಈ ಒಂದೇ ಜಾತಿಯಿಂದ ಬಂದಿವೆ ಅಂತ ತೋರಿಸಿದವು. ಅಥೆನ್ಸ್ ಸುತ್ತಮುತ್ತಲಿನ ಕಾಡು ಗಿಡಗಳೇ ಕೇಸರಿಗೆ ಎಲ್ಲಕ್ಕಿಂತ ಹತ್ತಿರ ಅಂತಲೂ ಗೊತ್ತಾಯಿತು. ಕಾಶ್ಮೀರದ ಪಾಂಪೋರ್ ಆಗಲಿ, ಇರಾನ್ ಆಗಲಿ, ನಿಮ್ಮ ಟ್ರೇ ಆಗಲಿ, ಎಲ್ಲಾ ಕಡೆ ಇರುವುದು ಹೆಚ್ಚು ಕಮ್ಮಿ ಆ ಒಂದೇ ಗಿಡದ ಗೆಡ್ಡೆಯ ಗೆಡ್ಡೆಯ ಗೆಡ್ಡೆ.

ಎರಡು, ಸೆಟ್ ಹೆಚ್ಚಾಗದೇ ಸಂಖ್ಯೆ ಮಾತ್ರ ಬದಲಾಗುವುದು. ಇದಕ್ಕೆ ಡಿಸ್‌ಪ್ಲಾಯ್ಡಿ ಅನ್ನುತ್ತಾರೆ. ಒಂದು ಉದ್ದನೆಯ ಕ್ರೋಮೋಸೋಮ್ ಸೆಂಟ್ರೊಮಿಯರ್ (ಕೋಶ ಒಡೆಯುವಾಗ ಎಳೆಯುವ ನೂಲು ಹಿಡಿಯುವ ಜಾಗ) ಹತ್ತಿರ ತುಂಡಾಗಿ ಎರಡಾಗಬಹುದು. ಎರಡು ಅಂಟಿಕೊಂಡು ಒಂದಾಗಬಹುದು. ಕಾಡು ಕ್ರೋಕಸ್‌ಗಳಲ್ಲಿ 8, 10, 12, 14 ಅಂತ ಎರಡೆರಡೇ ಹೆಜ್ಜೆಯಲ್ಲಿ ಬರುವ ಸಂಖ್ಯೆಗಳು ಬಹುಪಾಲು ಈ ದಾರಿಯವು. 6 ಇರುವುದು ಟರ್ಕಿಯ ಕ್ರೋಕಸ್ ಕ್ಯಾಂಡಿಡಸ್‌ಗೆ. 70 ಇರುವುದು ಕ್ರೋಕಸ್ ಮ್ಯಾಥ್ಯೂಯಿಗೆ, ಅದೂ ಟರ್ಕಿಯದೇ. ತಮಾಷೆಯಲ್ಲ, ಈ 70ರ ಗಿಡ ಕೇಸರಿಯ ಹತ್ತಿರದ ಬಳಗಕ್ಕೇ ಸೇರಿದ್ದು. ಅದೇ ಬಳಗದಲ್ಲಿ ಕಾರ್ಟ್‌ರೈಟಿಯಾನಸ್‌ಗೆ 16, ಹದ್ರಿಯಾಟಿಕಸ್‌ಗೆ 16, ಮೊವಾಬಿಟಿಕಸ್‌ಗೆ 14, ಅಸುಮಾನಿಯೇಗೆ 26. ಪಲ್ಲಾಸಿಯಲ್ಲಂತೂ 12, 14, 16 ಮೂರೂ ಸಿಕ್ಕಿವೆ. ಒಂದು ಸಣ್ಣ ಬಳಗದಲ್ಲೇ ಇಷ್ಟು.

ಇದಲ್ಲದೆ ಬಿ ಕ್ರೋಮೋಸೋಮ್ ಅಂತ ಇವೆ. ಸಣ್ಣವು, ಹೆಚ್ಚುವರಿಯವು, ಇದ್ದರೂ ಆಗುತ್ತದೆ, ಇಲ್ಲದಿದ್ದರೂ ಆಗುತ್ತದೆ. ಒಂದೇ ಜಾಗದ ಒಂದು ಗಿಡದಲ್ಲಿ ಇರುತ್ತವೆ, ಪಕ್ಕದ ಗಿಡದಲ್ಲಿ ಇರುವುದಿಲ್ಲ. ಮೆಕ್ಕೆಜೋಳದಲ್ಲೂ ಇವೆ. ಕ್ರೋಕಸ್‌ನಲ್ಲಿ ಬೆಸ ಸಂಖ್ಯೆ ಕಂಡಾಗ, ಇದು ನಿಜವಾದ ಕ್ರೋಮೋಸೋಮಾ ಅಥವಾ ಬಿ ಕ್ರೋಮೋಸೋಮಾ ಅಂತ ಮೊದಲು ನೋಡಬೇಕು.

ಹಳೇ ಸೇತುವೆ (ಸಾಗರ)

ಬೇರುತುದಿಯವರು ಚೆನ್ನಾಗಿ ಬರೆದಿದ್ದಾರೆ. ಜಾತಿಯ ಪ್ರಶ್ನೆಗೆ ನನ್ನದೂ ನಾಲ್ಕು ಮಾತು. ಬಹಳ ವರ್ಷ ಜೀವಶಾಸ್ತ್ರ ಪಾಠ ಮಾಡಿದವನು ನಾನು. "ಒಂದು ಜಾತಿಗೆ ಒಂದು ಸಂಖ್ಯೆ" ಅನ್ನುವ ಸಾಲು ಮಕ್ಕಳ ತಲೆಯಲ್ಲಿ ಕಲ್ಲಿನ ಹಾಗೆ ಕೂತುಬಿಡುತ್ತದೆ. ಅದನ್ನು ಸಡಿಲಿಸುವುದು ಮುಖ್ಯ ಅಂತ ನನಗೆ ಮೊದಲಿಂದಲೂ ಅನ್ನಿಸಿದೆ.

ಮನುಷ್ಯರನ್ನೇ ತೆಗೆದುಕೊಳ್ಳಿ. ಸುಮಾರು ಸಾವಿರಕ್ಕೆ ಒಬ್ಬರಲ್ಲಿ ಎರಡು ಕ್ರೋಮೋಸೋಮ್ ಬೆಸೆದುಕೊಂಡಿರುತ್ತವೆ, ಅಂಥವರಲ್ಲಿ ಹೆಚ್ಚಿನವರಿಗೆ ಇರುವುದು 45. ಆರೋಗ್ಯವಾಗಿರುತ್ತಾರೆ. ಮಕ್ಕಳಾಗುವಾಗ ಕೆಲವರಿಗೆ ಗರ್ಭ ನಿಲ್ಲುವುದು ಕಷ್ಟವಾಗಬಹುದು, ಆಗ ಪರೀಕ್ಷೆ ಮಾಡಿಸಿದರೆ ಮಾತ್ರ ಗೊತ್ತಾಗುತ್ತದೆ. ನಾವು ಶಾಲೆಯಲ್ಲಿ ಕಲಿತ "ಒಂದು ಹೆಚ್ಚು ಕಡಿಮೆಯಾದರೆ ತೊಂದರೆ" ಅನ್ನುವುದು ಒಂದು ಕ್ರೋಮೋಸೋಮಿನ ಮಾಲು ಹೆಚ್ಚು ಕಡಿಮೆಯಾದಾಗಿನ ಮಾತು. ಮಾಲು ಅಷ್ಟೇ ಇದ್ದು ಎರಡು ಸೇರಿ ಒಂದಾದರೆ ಅದರ ಕತೆ ಬೇರೆ. ಅಷ್ಟೇಕೆ, ಚಿಂಪಾಂಜಿಗೆ 48, ನಮಗೆ 46. ನಮ್ಮ ಎರಡನೇ ಕ್ರೋಮೋಸೋಮ್ ಎರಡು ಹಳೆಯ ಕ್ರೋಮೋಸೋಮ್ ಬೆಸೆದು ಆಗಿದ್ದು. ಬೆಸೆದ ಗುರುತು ಅದರ ನಡುವೆ ಈಗಲೂ ಇದೆ.

ಕೊಟ್ಟಿಗೆಗೆ ಬನ್ನಿ. ನಮ್ಮ ಎಮ್ಮೆಗೆ 50. ಅಸ್ಸಾಂ ಕಡೆಯಿಂದ ಆಗ್ನೇಯ ಏಷ್ಯಾದವರೆಗೆ ಗದ್ದೆ ಉಳುವ ಜೌಗು ಎಮ್ಮೆಗೆ 48. ಇವೆರಡನ್ನು ಕೂಡಿಸಿದರೆ 49ರ ಕರು ಹುಟ್ಟುತ್ತದೆ. ಆ ಕರು ಬೆಳೆದು ಮತ್ತೆ ಗಬ್ಬ ಕಟ್ಟುತ್ತದೆ, ಕರು ಹಾಕುತ್ತದೆ. ಸಂಖ್ಯೆ ಬೇರೆಯಾದ ಮಾತ್ರಕ್ಕೆ ವಂಶ ನಿಲ್ಲುತ್ತದೆ ಅನ್ನುವ ಹಾಗಿಲ್ಲ. ಇನ್ನೊಂದು ಕಡೆ ಕುದುರೆಗೆ 64, ಕತ್ತೆಗೆ 62, ಹುಟ್ಟುವ ಹೇಸರಗತ್ತೆಗೆ 63, ಅದು ಬಂಜೆ. ಎರಡೂ ಕಡೆ ವ್ಯತ್ಯಾಸ ಬರೀ ಎರಡು. ಫಲಿತಾಂಶ ಮಾತ್ರ ಪೂರ್ತಿ ಬೇರೆ. ಒಳಗಿನ ಜೋಡಣೆ ಎಷ್ಟು ದೂರ ಸರಿದಿದೆ ಅನ್ನುವುದು ಮುಖ್ಯ, ಎಣಿಕೆಯೊಂದರಿಂದಲೇ ಅದು ತಿಳಿಯುವುದಿಲ್ಲ.

ಕ್ರೋಕಸ್‌ನವರಿಗೂ ಇದೇ ಫಜೀತಿ ಆಯಿತು. 1970ರ ದಶಕದಲ್ಲಿ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಬ್ರೈಟನ್ ಅನ್ನುವ ವಿಜ್ಞಾನಿ ಗುಡ್ಡ ಗುಡ್ಡದಿಂದ ತಂದ ಗೆಡ್ಡೆಗಳ ಬೇರು ತೆಗೆದು ಎಣಿಸುತ್ತಾ ಹೋದರು. ಆಗ ಕ್ರೋಕಸ್ ವರ್ನಸ್ ಅನ್ನುವ ಒಂದೇ ಹೆಸರಿನ ಕೆಳಗೆ 8ರಿಂದ 20ರ ಆಚೆಯವರೆಗೂ ಸಂಖ್ಯೆ ಬಂತು. ಹೂ ನೋಡಿದರೆ ಎಲ್ಲಾ ಒಂದೇ. ಇಡೀ ಕುಲದಲ್ಲಿ ಸುಮಾರು 80 ಜಾತಿ ಅಂತ 1982ರ ಹೊತ್ತಿಗೆ ಲೆಕ್ಕ ಇತ್ತು. ಆಮೇಲೆ ಡಿಎನ್ಎ ಓದುವ ಕಾಲ ಬಂತು, ಜರ್ಮನಿಯ ಗಾಟರ್ಸ್‌ಲೆಬೆನ್‌ನ ಐಪಿಕೆ ಸಂಸ್ಥೆಯವರು ಬಹಳ ಕೆಲಸ ಮಾಡಿದರು. ಒಂದು ಅಂದುಕೊಂಡಿದ್ದು ಎಷ್ಟೋ ಕಡೆ ಹಲವು ಜಾತಿ ಅಂತ ಗೊತ್ತಾಯಿತು. ಈಗ ಲೆಕ್ಕ 200 ದಾಟಿದೆ. ಕ್ರೋಕಸ್ ಬೈಫ್ಲೋರಸ್ ಅನ್ನುವ ಹೆಸರಿನ ಕೆಳಗೆ ಗುಡ್ಡೆ ಹಾಕಿದ್ದ ಗಿಡಗಳನ್ನಂತೂ ಬಿಡಿಸಿ ಬಿಡಿಸಿ ಬೇರೆ ಮಾಡಬೇಕಾಯಿತು. ಅವುಗಳಲ್ಲಿ ಕೆಲವು ಒಂದಕ್ಕೊಂದು ಹತ್ತಿರದ ಸಂಬಂಧವೇ ಇಲ್ಲದವು.

ಹಾಗಾಗಿ ತುಂಗಾ ದಂಡೆಯವರೇ, "ಒಂದೇ ಜಾತಿಯಲ್ಲಿ ಇಷ್ಟೊಂದು ಸಂಖ್ಯೆ ಹೇಗೆ" ಅನ್ನುವ ನಿಮ್ಮ ಅನುಮಾನ ಸರಿಯಾಗಿಯೇ ಇತ್ತು. ಅರ್ಧಕ್ಕರ್ಧ ಅವು ಒಂದೇ ಜಾತಿ ಆಗಿರಲಿಲ್ಲ. ಇನ್ನು ಕೆಲವು, ಪಲ್ಲಾಸಿಯಂಥವು, ಇನ್ನೂ ಒಂದೇ ಹೆಸರಿನಲ್ಲಿ ಹಲವು ಸಂಖ್ಯೆ ಇಟ್ಟುಕೊಂಡಿವೆ.

ಕೊಪ್ಪದ ಕಾಫಿ

ಕ್ರೋಕಸ್ ಬಗ್ಗೆ ನನಗೆ ಜಾಸ್ತಿ ಗೊತ್ತಿಲ್ಲ. ಆದರೆ ಸಂಖ್ಯೆ ಬೇರೆಯಿದ್ದರೂ ಕ್ರಾಸ್ ಆದ ಉದಾಹರಣೆ ನಮ್ಮ ತೋಟದಲ್ಲೇ ಇದೆ. ಅರೇಬಿಕಾಗೆ 44, ರೋಬಸ್ಟಾಗೆ 22, ಲೈಬೀರಿಕಾಗೂ 22. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಎಸ್. 795 ಅನ್ನುವ ಅರೇಬಿಕಾ ತಳಿ ನಮ್ಮ ಕಡೆ ಎಲ್ಲರ ತೋಟದಲ್ಲೂ ಇದೆಯಲ್ಲ, ಅದರ ಹಿಂದಿನ ತಲೆಮಾರಿನಲ್ಲಿ ಅರೇಬಿಕಾಗೂ ಲೈಬೀರಿಕಾಗೂ ತಾನಾಗಿಯೇ ಆದ ಮಿಶ್ರಣ ಒಂದಿದೆ. ತುಕ್ಕು ರೋಗ ತಡೆಯುವ ಗುಣ ಅದಕ್ಕೆ ಲೈಬೀರಿಕಾ ಕಡೆಯಿಂದ ಬಂದಿದ್ದು. 44ಕ್ಕೂ 22ಕ್ಕೂ ಆಗಿದ್ದು ಕೇಸರಿಗೆ ಯಾಕೆ ಆಗಬಾರದು?

ಬೇರುತುದಿ (ಶಂಕರಘಟ್ಟ)

ಕೊಪ್ಪದವರ ಉದಾಹರಣೆ ಸರಿ ಇದೆ. ವ್ಯತ್ಯಾಸ ಏನೆಂದರೆ ಅರೇಬಿಕಾದ 44 ಸಮ ಸೆಟ್, ನಾಲ್ಕು ಸೆಟ್. ಪರಾಗ ಮಾಡುವಾಗ ಎಲ್ಲವಕ್ಕೂ ಜೋಡಿ ಸಿಗುತ್ತದೆ. ಕೇಸರಿಯದು ಮೂರು ಸೆಟ್. ತೊಂದರೆ ಇರುವುದು ಆ ಮೂರರಲ್ಲಿ.

ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕೇಸರಿಯಲ್ಲಿ 8 ಬಗೆಯ ಕ್ರೋಮೋಸೋಮ್ ಇವೆ, ಪ್ರತಿಯೊಂದೂ ಮೂರು ಮೂರು. ಪರಾಗ ತಯಾರಾಗುವ ಜೀವಕೋಶದಲ್ಲಿ ಒಂದೇ ಬಗೆಯ ಮೂರೂ ಹತ್ತಿರ ಬಂದು ಅಂಟಿಕೊಳ್ಳುತ್ತವೆ. ಆಮೇಲೆ ಎಳೆದಾಟ ಶುರುವಾಗುತ್ತದೆ. ಎರಡು ಒಂದು ಕಡೆಗೆ, ಒಂದು ಇನ್ನೊಂದು ಕಡೆಗೆ. ಯಾವ ಕಡೆಗೆ ಎರಡು ಹೋಗುತ್ತವೆ ಅನ್ನುವುದಕ್ಕೆ ನಿಯಮವಿಲ್ಲ. 8 ಬಗೆಯೂ ಹೀಗೆ ತಮ್ಮ ಪಾಡಿಗೆ ತಾವು ಹಂಚಿಕೆಯಾಗುತ್ತವೆ. ಒಂದು ಪರಾಗಕ್ಕೆ ಪ್ರತಿ ಬಗೆಯದೂ ಒಂದೊಂದೇ ಬಂದು ಸರಿಯಾಗಿ 8 ಆಗಬೇಕಾದರೆ ಅರ್ಧ ಅವಕಾಶವನ್ನು ಎಂಟು ಸಲ ಗುಣಿಸಬೇಕು, ಅಂದರೆ 256ರಲ್ಲಿ 1. ಪ್ರತಿ ಬಗೆಯದೂ ಎರಡೆರಡು ಬಂದು 16 ಆಗುವುದೂ 256ರಲ್ಲಿ 1. ಎರಡೂ ಸೇರಿಸಿದರೆ 128ರಲ್ಲಿ 1. ಉಳಿದದ್ದೆಲ್ಲಾ ಒಂದು ಬಗೆ ಹೆಚ್ಚು, ಇನ್ನೊಂದು ಬಗೆ ಕಡಿಮೆ. ಇದು ಕಾಗದದ ಮೇಲಿನ ಲೆಕ್ಕ. ನಿಜವಾದ ಹೂವಿನಲ್ಲಿ ಕೆಲವು ಕ್ರೋಮೋಸೋಮ್ ಎರಡೂ ಕಡೆಗೆ ಹೋಗದೆ ಮಧ್ಯದಲ್ಲೇ ಉಳಿದು ಕಳೆದೂ ಹೋಗುತ್ತವೆ. ಕೇಸರಿಯ ಪರಾಗವನ್ನು ಅಸಿಟೊಕಾರ್ಮಿನ್ ಅನ್ನುವ ಕೆಂಪು ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿ, ಸಣ್ಣದು ದೊಡ್ಡದು ಒಟ್ಟಿಗೆ ಕಾಣುತ್ತವೆ, ಕೆಲವು ಬಣ್ಣ ಹಿಡಿಯದೆ ಸುಕ್ಕಾಗಿ ಖಾಲಿ ಇರುತ್ತವೆ. ಅಂಡದ ಕಡೆಯೂ ಹೆಚ್ಚು ಕಮ್ಮಿ ಇದೇ ಹಾಡು. ಹಾಗಾಗಿ ನೀವು ಕೇಸರಿಗೆ ಕೇಸರಿಯನ್ನೇ ಸವರಿದಾಗ ಏನೂ ಕಟ್ಟದೇ ಇದ್ದದ್ದರಲ್ಲಿ ಆಶ್ಚರ್ಯವಿಲ್ಲ. ಸಾಲದ್ದಕ್ಕೆ ನಿಮ್ಮ ಎಲ್ಲಾ ಗೆಡ್ಡೆಯೂ ಒಂದೇ ಗಿಡ. ಅದರ ತಾಯಿ ಕಾರ್ಟ್‌ರೈಟಿಯಾನಸ್ ಕೂಡ ತನ್ನದೇ ಪರಾಗವನ್ನು ಒಪ್ಪುವುದಿಲ್ಲ.

ಇದೆಲ್ಲಾ ನಮಗೆ ಹೊಸದೂ ಅಲ್ಲ. ಪಚ್ಚಬಾಳೆಯಲ್ಲಿ ಬೀಜ ಯಾಕಿಲ್ಲ? ಮೂರು ಸೆಟ್, 33. ರಸಬಾಳೆಯೂ 33. ಕಾಡಿನ ಬಂಡೆ ಮೇಲೆ ಬೆಳೆಯುವ ಕಲ್ಲುಬಾಳೆಗೆ ಎರಡೇ ಸೆಟ್, 18. ಅದರ ಹಣ್ಣಿನ ತುಂಬಾ ಕಲ್ಲಿನಂಥ ಬೀಜ. ಅರಿಶಿನಕ್ಕೆ 63, ಅದೂ ಮೂರು ಸೆಟ್. ಅದಕ್ಕೇ ನಾವು ಅರಿಶಿನವನ್ನು ಬೀಜ ಬಿತ್ತಿ ಬೆಳೆಯುವುದಿಲ್ಲ, ಕೊಂಬು ನೆಡುತ್ತೇವೆ. ಆದರೆ ಏಲಕ್ಕಿ ಬಾಳೆಗೆ ಎರಡೇ ಸೆಟ್, 22, ಆದರೂ ಬೀಜವಿಲ್ಲ. ಅದು ಎರಡು ಬೇರೆ ಬೇರೆ ಕಾಡು ಬಾಳೆಗಳ ಮಿಶ್ರಣ, ಒಂದರಿಂದ ಒಂದು ಸೆಟ್, ಇನ್ನೊಂದರಿಂದ ಒಂದು. ಸೆಟ್ ಸಮ ಇದ್ದ ತಕ್ಷಣ ಎಲ್ಲಾ ಸರಿ ಹೋಗುವುದಿಲ್ಲ ಅನ್ನುವುದಕ್ಕೆ ಇದೇ ಸಾಕ್ಷಿ.

ಕ್ರೋಕಸ್‌ನಲ್ಲಿ ಬೇರೆ ಬೇರೆ ಸಂಖ್ಯೆಯವು ಕೂಡಿದ್ದೂ ಇದೆ. ಯುರೋಪಿನ ತೋಟಗಳಲ್ಲಿ 'ಗೋಲ್ಡನ್ ಯೆಲ್ಲೋ' ಅನ್ನುವ ಹಳದಿ ಕ್ರೋಕಸ್ ಬಹಳ ಹಳೆಯದು. ಅದಕ್ಕೆ 14. ಕ್ರೋಕಸ್ ಫ್ಲೇವಸ್‌ಗೆ 8, ಕ್ರೋಕಸ್ ಅಂಗುಸ್ಟಿಫೋಲಿಯಸ್‌ಗೆ 12. ಫ್ಲೇವಸ್‌ನಿಂದ ಎರಡು ಸೆಟ್ ಪೂರ್ತಿ 8, ಇನ್ನೊಂದರಿಂದ ಒಂದು ಸೆಟ್ 6, ಒಟ್ಟು 14. ನೋಡಿ, ಬರೀ 14 ಅಂತ ಎಣಿಸಿ ಬಿಟ್ಟಿದ್ದರೆ ಅದು ಮಾಮೂಲಿ ಎರಡು ಸೆಟ್‌ನ ಗಿಡ ಅಂದುಕೊಳ್ಳುತ್ತಿದ್ದರು. ಯಾವ ಕ್ರೋಮೋಸೋಮ್ ಯಾವ ಕಡೆಯದು ಅಂತ ಬಣ್ಣ ಹಚ್ಚಿ ನೋಡಿದಾಗ ಮೂರು ಸೆಟ್ ಅಂತ ಹೊರಬಿತ್ತು. ಅದೂ ಬಂಜೆ. ಗೆಡ್ಡೆಯಿಂದಲೇ ಇಷ್ಟು ವರ್ಷ ಉಳಿದುಕೊಂಡು ಬಂದಿದೆ.

ತುಂಗಾ ದಂಡೆ (ತೀರ್ಥಹಳ್ಳಿ)

ತುಂಬಾ ಧನ್ಯವಾದ. 256ರಲ್ಲಿ 1 ಅನ್ನುವ ಲೆಕ್ಕ ಓದಿದ ಮೇಲೆ ಎಲ್ಲಾ ತಿಳಿಯಾಯಿತು. ಇಷ್ಟು ಸರಳವಾಗಿ ಯಾರೂ ಹೇಳಿರಲಿಲ್ಲ.

ಮಳೆ ತಡೆಯುವ ಜಾತಿಯ ಪ್ರಶ್ನೆ ಉಳಿದಿದೆ. ಆನ್‌ಲೈನ್‌ನಲ್ಲಿ ಒಬ್ಬರು "ಆಟಮ್ ಕ್ರೋಕಸ್" ಗೆಡ್ಡೆ ಮಾರುತ್ತಿದ್ದಾರೆ. ಯಾವ ಮಣ್ಣಾದರೂ ಆಗುತ್ತದೆ, ಗಟ್ಟಿ ಗಿಡ, ಕೇಸರಿಯ ಅಣ್ಣತಮ್ಮ ಅಂತ ಬರೆದಿದ್ದಾರೆ. ಅದನ್ನು ತರಿಸಿ ಕೇಸರಿ ಜೊತೆ ಕ್ರಾಸ್ ಮಾಡಲು ಬಳಸಬಹುದಾ?

ಗೌರಿಹೂ (ಹೊಸನಗರ)

ದಯವಿಟ್ಟು ತರಿಸಬೇಡಿ! ಆ ಹೆಸರಿನಲ್ಲಿ ಮಾರುವುದು ಬಹುತೇಕ ಕೊಲ್ಚಿಕಮ್. ಅದು ಕ್ರೋಕಸ್ ಅಲ್ಲವೇ ಅಲ್ಲ, ಕುಟುಂಬವೇ ಬೇರೆ. ಅದರ ಗೆಡ್ಡೆ, ಎಲೆ, ಹೂ, ಬೀಜ ಎಲ್ಲಾ ವಿಷ. ಕೇಸರಿ ಬೆಳೆಯುವ ಕೋಣೆಯಲ್ಲಿ, ಅದರಲ್ಲೂ ಎಸಳು ಬಿಡಿಸಿ ಮಾರುವ ಉದ್ದೇಶ ಇರುವವರ ಮನೆಯಲ್ಲಿ ಅದು ಇರಲೇಬಾರದು.

ಗುರುತು ಹಿಡಿಯುವುದು ಸುಲಭ. ಹೂ ಬಿಡಿಸಿ ಕೇಸರದ ಕಡ್ಡಿ ಎಣಿಸಿ. ಕ್ರೋಕಸ್‌ನಲ್ಲಿ ಹಳದಿ ಪರಾಗದ ಕಡ್ಡಿ 3 ಇರುತ್ತವೆ. ಕೊಲ್ಚಿಕಮ್‌ನಲ್ಲಿ 6. ಕೇಸರಿಯಲ್ಲಾದರೆ ಆ ಮೂರರ ಜೊತೆ ಕೆಂಪು ಎಳೆ ಮೂರು, ಹೂವಿನಿಂದ ಹೊರಗೆ ಜೋತುಬಿದ್ದಿರುತ್ತವೆ. ಕ್ರೋಕಸ್‌ನ ಹುಲ್ಲಿನಂಥ ಎಲೆ ನಡುವೆ ಉದ್ದಕ್ಕೂ ಒಂದು ಬಿಳಿ ಗೆರೆ ಇರುತ್ತದೆ. ಕೊಲ್ಚಿಕಮ್ ಎಲೆ ಅಗಲ, ಬಿಳಿ ಗೆರೆ ಇಲ್ಲ.

ಕೊಲ್ಚಿಕಮ್‌ನ ವಿಷ ಕೊಲ್ಚಿಸಿನ್. ನಮ್ಮ ಬೇಲಿಯಲ್ಲಿ ಮಳೆಗಾಲದಲ್ಲಿ ಬೆಂಕಿಯ ಬಣ್ಣದಲ್ಲಿ ಅರಳುವ ಗೌರಿ ಹೂವಿನ ಗೆಡ್ಡೆಯಲ್ಲೂ ಅದೇ ಇದೆ. ಹಬ್ಬಕ್ಕೆ ಹೂ ಕೊಯ್ಯುತ್ತೇವೆ ಸರಿ, ಗೆಡ್ಡೆಯನ್ನು ಮಕ್ಕಳ ಕೈಗೆ ಸಿಗದ ಹಾಗೆ ನೋಡಿಕೊಳ್ಳಬೇಕು. ಕ್ರೋಮೋಸೋಮ್ ಎಣಿಸುವವರು ಬಳಸುವುದೂ ಇದೇ ವಸ್ತುವನ್ನಲ್ವಾ ಬೇರುತುದಿಯವರೇ?

ಬೇರುತುದಿ (ಶಂಕರಘಟ್ಟ)

ಹೌದು, ಅದೇ. ಜೀವಕೋಶ ಎರಡಾಗುವಾಗ ಕ್ರೋಮೋಸೋಮ್‌ಗಳನ್ನು ಎರಡು ಕಡೆಗೆ ಎಳೆಯುವ ನೂಲುಗಳು ಕಟ್ಟಿಕೊಳ್ಳದ ಹಾಗೆ ಕೊಲ್ಚಿಸಿನ್ ಮಾಡುತ್ತದೆ. ಆಗ ಎಲ್ಲಾ ಕ್ರೋಮೋಸೋಮ್ ಮಧ್ಯದಲ್ಲೇ ನಿಂತುಬಿಡುತ್ತವೆ, ಮೊಟಕಾಗಿ ದಪ್ಪಗಾಗುತ್ತವೆ, ಎಣಿಸಲು ಸಿಗುತ್ತವೆ. ಮನುಷ್ಯನ ದೇಹಕ್ಕೂ ಅದೇ ಕೆಲಸ ಮಾಡುತ್ತದೆ, ಅದಕ್ಕೇ ಅದು ವಿಷ. ಮನೆಯಲ್ಲಿ ಯಾರೂ ಇದನ್ನು ಮುಟ್ಟುವುದು ಬೇಡ.

ಈಗ ಮಳೆಯ ಪ್ರಶ್ನೆ. ಕ್ರೋಕಸ್‌ಗಳ ಊರು ಪೋರ್ಚುಗಲ್, ಮೊರಾಕ್ಕೊದಿಂದ ಹಿಡಿದು ಪಶ್ಚಿಮ ಚೀನಾದವರೆಗೆ. ಟರ್ಕಿಯಲ್ಲಿ ಎಲ್ಲಕ್ಕಿಂತ ಜಾಸ್ತಿ. ಬಹುಪಾಲು ಕಡೆ ಬೇಸಿಗೆ ಒಣ, ಮಳೆ ಬರುವುದು ಚಳಿಗಾಲದಲ್ಲಿ. ಬೇಸಿಗೆಯಲ್ಲಿ ಗೆಡ್ಡೆ ಮಣ್ಣಿನೊಳಗೆ ಎಲೆಯಿಲ್ಲದೆ ಬೇರಿಲ್ಲದೆ ಮಲಗಿರುತ್ತದೆ. ಆದರೆ ಒಳಗೆ ಹೂಮೊಗ್ಗು ಕಟ್ಟುತ್ತಿರುವುದು ಆಗಲೇ. ಕೇಸರಿಗೆ ಅದಕ್ಕೆ 23ರಿಂದ 27 ಡಿಗ್ರಿ ಬೇಕು, ಆಮೇಲೆ 15ರಿಂದ 17 ಡಿಗ್ರಿಗೆ ಇಳಿದರೆ ಹೂ ಹೊರಗೆ ಬರುತ್ತದೆ. ನಮ್ಮಲ್ಲಿ ಸರಿಯಾಗಿ ಆ ಮಲಗುವ ಕಾಲಕ್ಕೇ ಮುಂಗಾರು ಹಿಡಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಮಳೆ. ಗೆಡ್ಡೆ ಕೊಳೆಯದೆ ಏನು ಮಾಡುತ್ತದೆ ಹೇಳಿ.

ಒದ್ದೆ ನೆಲದಲ್ಲಿ ಬೆಳೆಯುವ ಕ್ರೋಕಸ್ ಇಲ್ಲವೇ ಅಂದರೆ, ಇವೆ. ಪಿರನೀಸ್ ಕಡೆಯ ಹಸಿ ಹುಲ್ಲುಗಾವಲಿನ ಕ್ರೋಕಸ್ ನ್ಯೂಡಿಫ್ಲೋರಸ್ ಇದೆ, ಅದಕ್ಕೆ 48. ಕಾಕಸಸ್ ಬೆಟ್ಟಗಳ ಕ್ರೋಕಸ್ ಷಾರೋಯಾನಿಗೆ ಗೆಡ್ಡೆ ಒಣಗಿದರೇ ಕಷ್ಟ. ಆದರೆ ಇವೆಲ್ಲಾ ತಂಪು ದೇಶದವು, ನೀರು ತಡೆದರೂ ನಮ್ಮ ಸೆಕೆ ತಡೆಯುವುದಿಲ್ಲ. ಕೇಸರಿಯ ಬಳಗದವೂ ಅಲ್ಲ. 48 ಅನ್ನುವುದು 24ರ ಎರಡರಷ್ಟು ಅಂತ ನೋಡಿ ಆಸೆ ಪಡಬೇಡಿ, ಅದು ಬರೀ ಅಂಕಿ ಕೂಡಿ ಬಂದಿದ್ದು. ಸಂಖ್ಯೆ ನೋಡಿ ಮಳೆ ತಡೆಯುವ ಗುಣವನ್ನಾಗಲಿ, ಸಂಬಂಧವನ್ನಾಗಲಿ ಹೇಳಲು ಬರುವುದಿಲ್ಲ.

ಹೊಸ ತಳಿಯ ಆಸೆ ಇದ್ದರೆ ಕೇಸರಿಯನ್ನು ಬಿಟ್ಟು ಅದರ ತಾಯಿಯಿಂದ ಶುರು ಮಾಡುವುದು ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ. ಕಾರ್ಟ್‌ರೈಟಿಯಾನಸ್‌ಗೆ 16, ಪರಾಗ ಚೆನ್ನಾಗಿದೆ, ಎರಡು ಬೇರೆ ಬೇರೆ ಗಿಡ ಇದ್ದರೆ ಬೀಜ ಕಟ್ಟುತ್ತದೆ. ಕೆಂಪು ಎಳೆ ಸ್ವಲ್ಪ ಗಿಡ್ಡ, ಆದರೆ ಬಣ್ಣ ವಾಸನೆ ಎರಡೂ ಇವೆ. ಬೀಜದಿಂದ ಬಂದ ಪ್ರತಿ ಗಿಡವೂ ಬೇರೆ, ಹಾಗಾಗಿ ಆರಿಸಲು ಏನಾದರೂ ಇರುತ್ತದೆ. ಕೇಸರಿಯಲ್ಲಿ ಆರಿಸಲು ಏನೂ ಇಲ್ಲ, ಎಲ್ಲಾ ಒಂದೇ. ಹೊರದೇಶದಿಂದ ಬೀಜ, ಗೆಡ್ಡೆ ತರಿಸಬೇಕಾದರೆ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಪರವಾನಗಿ ಬೇಕು. ಪಾರ್ಸೆಲ್‌ನಲ್ಲಿ ಗುಟ್ಟಾಗಿ ತರಿಸುವ ದಾರಿ ಹಿಡಿಯಬೇಡಿ. ಗೆಡ್ಡೆ ಜೊತೆ ಹೊಸ ಶಿಲೀಂಧ್ರ ಬಂದರೆ ಶುಂಠಿ, ಅರಿಶಿನ ಬೆಳೆಯುವ ನೆರೆಯವರಿಗೂ ಅಪಾಯ. ಆದರೂ ಹೊರಗಡೆ ಮುಂಗಾರಿನಲ್ಲಿ ಬಿಡಬಹುದಾದ ಕೇಸರಿ ಹತ್ತಿರದಲ್ಲಿ ಬರುತ್ತದೆ ಅಂತ ನಾನು ಹೇಳಲಾರೆ.

ಹಳೇ ಸೇತುವೆ (ಸಾಗರ)

ಒಂದು ಸಲಹೆ. ಕ್ರೋಮೋಸೋಮ್ ವೈವಿಧ್ಯ ನೋಡಲು ಟರ್ಕಿಗೆ ಹೋಗಬೇಕಾಗಿಲ್ಲ. ನಮ್ಮ ಬಯಲು ಕಲ್ಲುಗುಡ್ಡಗಳಲ್ಲಿ ಸಿಗುವ ಕಾಡು ಈರುಳ್ಳಿಯಲ್ಲಿ, ಅಂದರೆ ಡ್ರಿಮಿಯಾ ಇಂಡಿಕಾದಲ್ಲಿ, 20, 30, 40 ಮೂರೂ ಬಗೆಯ ಗಿಡ ನಮ್ಮ ದೇಶದಲ್ಲೇ ಸಿಕ್ಕಿವೆ. ಎರಡು ಸೆಟ್, ಮೂರು ಸೆಟ್, ನಾಲ್ಕು ಸೆಟ್. ಹೊರಗಿನಿಂದ ನೋಡಿದರೆ ಹೇಳಲು ಬರುವುದಿಲ್ಲ. ಜಿಲ್ಲೆಯ ಕಾಲೇಜು ಮಕ್ಕಳು ಯಾವ ಗುಡ್ಡದಲ್ಲಿ ಯಾವ ಬಗೆ ಇದೆ ಅಂತ ಎಣಿಸಿ ನಕ್ಷೆ ಮಾಡಿದರೆ ಅದು ನಿಜವಾದ ಕೆಲಸ. ಜೆಸಿಬಿ ಬಂದು ಗುಡ್ಡ ಸಮ ಮಾಡುವ ಮುಂಚೆ ಆಗಬೇಕು ಅಷ್ಟೇ. ನೋಡಿಯೇ ಇಲ್ಲದ ಗಿಡ ಹೋದರೆ ಹೋಗಿದ್ದೂ ಗೊತ್ತಾಗುವುದಿಲ್ಲ.

ತುಂಗಾ ದಂಡೆ (ತೀರ್ಥಹಳ್ಳಿ)

ಆ ಕೊಲ್ಚಿಕಮ್ ಆರ್ಡರ್ ಮಾಡುವುದಿಲ್ಲ. ಹೊಸನಗರದವರಿಗೆ ದೊಡ್ಡ ಧನ್ಯವಾದ. ನನ್ನ ಕೇಸರಿ ಗೆಡ್ಡೆಯಲ್ಲಿ ನಿಜವಾಗಿ 24 ಇದೆಯಾ ಅಂತ ನಾನೇ ನೋಡಬೇಕು ಅನ್ನಿಸುತ್ತಿದೆ. ಮಗಳ ಕಾಲೇಜಿನಲ್ಲಿ ಮೈಕ್ರೋಸ್ಕೋಪ್ ಬಳಸಲು ಒಪ್ಪಿದ್ದಾರೆ. ಕೊಲ್ಚಿಸಿನ್ ಇಲ್ಲದೆ ಆಗುತ್ತದಾ?

ಬೇರುತುದಿ (ಶಂಕರಘಟ್ಟ)

ಧಾರಾಳವಾಗಿ ಆಗುತ್ತದೆ. ಐಸ್ ಸಾಕು. ಗೆಡ್ಡೆಯಿಂದ ಹೊಸ ಬಿಳಿ ಬೇರು ಹೊರಟು ಒಂದು ಸೆಂಟಿಮೀಟರ್ ಆದಾಗ ತುದಿ ಕತ್ತರಿಸಿ. ಉದ್ದವಾದ ಹಳೇ ಬೇರು ಬೇಡ, ಅದರಲ್ಲಿ ಜೀವಕೋಶ ಒಡೆಯುವ ವೇಗ ಕಡಿಮೆ. ತುದಿಗಳನ್ನು ಐಸ್ ಕರಗುತ್ತಿರುವ ನೀರಿನಲ್ಲಿ ಹಾಕಿ ಫ್ರಿಜ್ಜಿನಲ್ಲಿ ಒಂದು ದಿನ ಇಡಿ. ತಣ್ಣಗಾದಾಗಲೂ ಆ ನೂಲುಗಳು ಕಳಚಿಕೊಳ್ಳುತ್ತವೆ, ಕೊಲ್ಚಿಸಿನ್ ಮಾಡುವ ಕೆಲಸವೇ ಆಗುತ್ತದೆ. ಆಮೇಲೆ ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಅಸಿಟಿಕ್ ಆಮ್ಲದ ಮಿಶ್ರಣದಲ್ಲಿ ರಾತ್ರಿಯಿಡೀ ನೆನೆಸಿ. ನಂತರ ಲ್ಯಾಬಿನಲ್ಲಿ ಮೇಷ್ಟ್ರು ಇರುವಾಗ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸ್ವಲ್ಪ ಬಿಸಿ ಮಾಡಿ ಮೆತ್ತಗೆ ಮಾಡಿಸಿ, ಅಸಿಟೊಕಾರ್ಮಿನ್ ಹಾಕಿಸಿ.

ಸ್ಲೈಡಿನ ಮೇಲೆ ಬರೀ ತುದಿಯ ಒಂದೆರಡು ಮಿಲಿಮೀಟರ್ ಇಟ್ಟುಕೊಳ್ಳಿ, ಗಾಢ ಕೆಂಪಾಗಿರುವ ಭಾಗ ಅಷ್ಟೇ. ಕವರ್‌ಸ್ಲಿಪ್ ಹಾಕಿ, ಬ್ಲಾಟಿಂಗ್ ಪೇಪರ್ ಮಡಚಿ ಮೇಲಿಟ್ಟು ಹೆಬ್ಬೆರಳಿನಿಂದ ನೇರವಾಗಿ ಒತ್ತಿ. ಕವರ್‌ಸ್ಲಿಪ್ ಪಕ್ಕಕ್ಕೆ ಒಂದು ಕೂದಲಿನಷ್ಟು ಜಾರಿದರೂ ಕ್ರೋಮೋಸೋಮ್ ಸುರುಳಿ ಸುತ್ತಿಕೊಂಡು ಎಣಿಸಲು ಬರುವುದಿಲ್ಲ. ಮೊದಲು ಈರುಳ್ಳಿ ಬೇರಿನಲ್ಲಿ ಕೈ ಪಳಗಿಸಿಕೊಳ್ಳಿ, ಅದಕ್ಕೆ 16. ಅದರಲ್ಲಿ 16 ತಪ್ಪದೆ ಬರಲು ಶುರುವಾದ ಮೇಲೆ ಕೇಸರಿಗೆ ಕೈ ಹಾಕಿ. ಒಂದೇ ಜೀವಕೋಶ ನೋಡಿ 23 ಅಥವಾ 25 ಅಂತ ತೀರ್ಮಾನ ಮಾಡಬೇಡಿ. ಒಂದರ ಮೇಲೊಂದು ಕೂತಿರಬಹುದು, ಪಕ್ಕದ ಕೋಶದ್ದು ತೇಲಿ ಬಂದಿರಬಹುದು. ಚೆನ್ನಾಗಿ ಹರಡಿಕೊಂಡ ಹಲವು ಕೋಶಗಳಲ್ಲಿ ಒಂದೇ ಸಂಖ್ಯೆ ಬಂದರೆ ಮಾತ್ರ ನಂಬಿ. 24 ಸಿಕ್ಕಿದ ಮೇಲೆ ಅವುಗಳನ್ನು ಉದ್ದ ಮತ್ತು ಸೆಂಟ್ರೊಮಿಯರ್ ಇರುವ ಜಾಗ ನೋಡಿ ಮೂರು ಮೂರರ ಗುಂಪು ಮಾಡಲು ಪ್ರಯತ್ನಿಸಿ. ಫೋಟೋ ಇಲ್ಲಿ ಹಾಕಿ, ಒಟ್ಟಿಗೆ ಕೂತು ಗುಂಪು ಮಾಡೋಣ.